ಮನೆ ಬಾಡಿಗೆಗೆ ಇದೆ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರಿಗೆ ಬಾಡಿಗೆಗೆ ಕೊಡುವ ಒಂದು ಸಣ್ಣ ಮನೆ ಇದೆ. ಹಿಂದೆ ದಲ್ಲಾಳಿ ಬಾಡಿಗೆದಾರರನ್ನು ಕರೆತರುತ್ತಿದ್ದ. ಒಂದು ತಿಂಗಳ ಬಾಡಿಗೆ ಅವನಿಗೇ ಹೋಗುತ್ತಿತ್ತು. ಅವನು ತೋರಿಸಿದ ಕಡೆ ಅಕ್ಕ ಹೆಬ್ಬೆಟ್ಟು ಒತ್ತುತ್ತಿದ್ದರು.

ಈ ಸಲ ಅಕ್ಕ ತಾವೇ ಹಲಗೆ ಬರೆದರು: 'ಮನೆ ಬಾಡಿಗೆಗೆ ಇದೆ.' ಜನ ಬಂದು ನೋಡಿದರು. ಒಬ್ಬರು ಒಪ್ಪಿದರು. 20,000 ರೂಪಾಯಿ ಮುಂಗಡ ಕೊಟ್ಟರು. ಕರಾರು ಪತ್ರ ಬರೆಸಿ ತಂದರು.

ಅಕ್ಕ ಅಕ್ಷರ ಕೂಡಿಸಿ ಕೂಡಿಸಿ ಓದಿದರು. "ಇಲ್ಲಿ 30,000 ಅಂತ ಇದೆಯಲ್ಲಪ್ಪಾ!" ಅಂದರು. ಅದು ಬರೆದವರ ತಪ್ಪು. ಹೊಸ ಪತ್ರ ಬಂತು. ಅಕ್ಕ ಓದಿ ರುಜು ಹಾಕಿದರು. ಓದದೆ ಇದ್ದಿದ್ದರೆ? ಅವರು ಮನೆ ಬಿಡುವಾಗ 10,000 ರೂಪಾಯಿ ಹೆಚ್ಚಿಗೆ ಕೊಡಬೇಕಾಗುತ್ತಿತ್ತು!

ನಾವು ನೆನಪಿಡೋಣ:

1. ಬಾಡಿಗೆ, ಮುಂಗಡ, ಅವಧಿ ಎಲ್ಲವನ್ನೂ ಪತ್ರದಲ್ಲಿ ಬರೆಸೋಣ. ಕರೆಂಟು, ನೀರಿನ ಬಿಲ್ಲು ಯಾರು ಕಟ್ಟಬೇಕು? ಅದನ್ನೂ ಬರೆಸೋಣ.
2. ಕರಾರು ಒಂದು ವರ್ಷ ಮೀರಿದರೆ ನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು.
3. ಇಬ್ಬರು ಸಾಕ್ಷಿಗಳ ರುಜು ಹಾಕಿಸೋಣ. ಒಂದು ಪ್ರತಿ ನಮ್ಮ ಹತ್ತಿರ ಇಟ್ಟುಕೊಳ್ಳೋಣ.
4. ಬಾಡಿಗೆ ಪಡೆದಾಗ ರಸೀದಿ ಕೊಡೋಣ.
5. ಓದದೆ ರುಜು ಹಾಕೋದು ಬೇಡ.

ಓದಿ, ಬರೆಯಿರಿ: ಬಾಡಿಗೆ, ಮುಂಗಡ, ಕರಾರು, ರಸೀದಿ, ರುಜು.