ಸೋರಿಕೆಯಾದ ಕಡತವನ್ನು ಓದುವುದು ಹೇಗೆ?

2009ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಹವಾಮಾನ ಸಂಶೋಧನಾ ಘಟಕದಿಂದ ಸಾವಿರಕ್ಕೂ ಹೆಚ್ಚು ಇಮೇಲ್‌ಗಳನ್ನೂ ಒಂದಷ್ಟು ಕಡತಗಳನ್ನೂ ಯಾರೋ ಕದ್ದು ಬಯಲಿಗೆ ಹಾಕಿದರು. ಭೂಮಿ ಬಿಸಿಯಾಗುತ್ತಿದೆ ಎನ್ನುವುದೇ ಕಟ್ಟುಕಥೆ ಎಂಬ ಗುಲ್ಲೆದ್ದಿತು. ಇಂಥದ್ದನ್ನು ಹೊಸಬರು ಪರೀಕ್ಷಿಸುವುದು ಎಲ್ಲಿಂದ?

ಗುಲ್ಲಿಗೆ ಕಾರಣವಾದ ಸಾಲನ್ನೇ ನೋಡೋಣ. 1999ರ ಇಮೇಲ್ ಒಂದರಲ್ಲಿ ಘಟಕದ ಫಿಲ್ ಜೋನ್ಸ್, ‘ಇಳಿಕೆ’ಯನ್ನು ಮರೆಮಾಡಲು ಒಂದು ‘ಟ್ರಿಕ್’ ಬಳಸಿದ್ದಾಗಿ ಬರೆದಿದ್ದರು. ತಾಪಮಾನವೇ ಇಳಿಯುತ್ತಿತ್ತೇನೋ ಅನಿಸುತ್ತದೆ, ಅಲ್ಲವೇ? ಸ್ವಲ್ಪ ತಡೆಯಿರಿ, ಯಾವುದರ ಇಳಿಕೆ ಎಂದು ಕೇಳಿ. ಥರ್ಮಾಮೀಟರ್ ಇಲ್ಲದಿದ್ದ ಕಾಲದ ಬಿಸಿಯನ್ನು ಅಂದಾಜು ಮಾಡಲು ಮರದ ವಾರ್ಷಿಕ ಉಂಗುರಗಳ ಸಾಂದ್ರತೆ ಅಳೆಯುವುದುಂಟು. ಉತ್ತರದ ಹಲವು ಕಾಡುಗಳಲ್ಲಿ ಸುಮಾರು 1960ರಿಂದೀಚೆಗೆ ಥರ್ಮಾಮೀಟರ್ ಏರಿದರೂ ಈ ಸಾಂದ್ರತೆ ಇಳಿಯುತ್ತ ಬಂತು. ಇಳಿದದ್ದು ಇದು. ಅದೇನೂ ಗುಟ್ಟಲ್ಲ, ಅದೇ ಘಟಕದ ಕೀತ್ ಬ್ರಿಫಾ ಮತ್ತು ಸಂಗಡಿಗರು 1998ರಲ್ಲೇ ಪ್ರಕಟಿಸಿದ್ದರು. ಆದರೆ ವಿಶ್ವ ಹವಾಮಾನ ಸಂಸ್ಥೆಯ ವರದಿಯ ಮುಖಪುಟದ ಗ್ರಾಫಿನಲ್ಲಿ ಆ ಇಳಿಯುವ ತುಣುಕನ್ನು ಕತ್ತರಿಸಿ ಥರ್ಮಾಮೀಟರ್ ಅಂಕಿಗಳನ್ನು ಜೋಡಿಸಲಾಗಿತ್ತು (ಇದೇ ಆ ‘ಟ್ರಿಕ್’), ಹಾಗೆ ಮಾಡಿದ್ದನ್ನು ಅಲ್ಲಿ ಹೇಳಿರಲಿಲ್ಲ. ಅದು ತಪ್ಪೇ. ಮ್ಯೂರ್ ರಸೆಲ್ ನೇತೃತ್ವದ ತನಿಖಾ ಸಮಿತಿಯೂ 2010ರಲ್ಲಿ ಆ ಚಿತ್ರ ದಾರಿ ತಪ್ಪಿಸುವಂಥದ್ದು ಎಂದಿತು.

ಹಾಗಾದರೆ ಥರ್ಮಾಮೀಟರ್ ತೋರಿಸಿದ ಏರಿಕೆ? ಇಮೇಲ್‌ಗಳನ್ನು ಎಷ್ಟು ಓದಿದರೂ ಅದು ತಿಳಿಯದು, ಲೆಕ್ಕ ಹಾಕಬೇಕು. ಸಮಿತಿ ಮಾಡಿದ್ದೂ ಅದನ್ನೇ: ಸಾರ್ವಜನಿಕವಾಗಿ ಸಿಗುವ ಮೂಲ ಅಂಕಿಗಳನ್ನು ತೆಗೆದುಕೊಂಡು, ತಾನೇ ಪ್ರೋಗ್ರಾಂ ಬರೆಸಿತು. ವಿಧಾನ ಸರಳ. ಬೆಟ್ಟದ ಊರನ್ನು ಬಯಲಿನ ಊರಿನೊಂದಿಗೆ ನೇರ ಹೋಲಿಸುವಂತಿಲ್ಲ. ಆದ್ದರಿಂದ ಪ್ರತಿ ಹವಾಮಾನ ಕೇಂದ್ರದ ಉಷ್ಣಾಂಶ ಅದರದೇ ಹಳೆಯ ಸರಾಸರಿಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ನೋಡಬೇಕು. ಭೂಪಟವನ್ನು ಚೌಕಗಳಾಗಿ ವಿಂಗಡಿಸಿ, ಆ ವ್ಯತ್ಯಾಸಗಳ ಸರಾಸರಿ ತೆಗೆಯಬೇಕು. ಕೆಲಸ ಎರಡೇ ದಿನದಲ್ಲಿ ಮುಗಿಯಿತು. ಬಂದ ಗೆರೆ ಘಟಕದ ಗೆರೆಯನ್ನೇ ಹೋಲುತ್ತಿತ್ತು. ಮುಂದೆ, ಈ ಅಂಕಿಗಳನ್ನು ಸಂದೇಹದಿಂದ ನೋಡುತ್ತಿದ್ದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಬರ್ಕ್ಲಿಯಲ್ಲಿ ಸುಮಾರು 39,000 ಕೇಂದ್ರಗಳ ದಾಖಲೆ ಸೇರಿಸಿ ಮತ್ತೆ ಲೆಕ್ಕ ಹಾಕಿದರು. 2011ರಲ್ಲಿ ಬಂದ ಫಲಿತಾಂಶದಲ್ಲೂ ಅದೇ ಏರಿಕೆ.

ಘಟಕದವರು ಕೇಳಿದವರಿಗೆಲ್ಲ ಅಂಕಿ ಕೊಡಲು ಹಿಂದೆಮುಂದೆ ನೋಡಿದ್ದರಿಂದಲೇ ಅನುಮಾನ ಇಷ್ಟು ಬೆಳೆಯಿತು ಎಂಬುದು ನನ್ನ ಅಭಿಪ್ರಾಯ. ಆ ಅಂಕಿಗಳೂ 2011ರಲ್ಲಿ ಬಹುಪಾಲು ತೆರೆದುಕೊಂಡವು.

ನಿಮಗೆ ಸ್ಪ್ರೆಡ್‌ಶೀಟ್ ಬಳಸಲು ಬಂದರೆ ಸಾಕು, ನೀವೂ ಮಾಡಬಹುದು. ಅಮೆರಿಕದ ಜಿಎಚ್‌ಸಿಎನ್ ಎಂಬ ಹವಾಮಾನ ದಾಖಲೆಗಳ ಸಂಗ್ರಹದಲ್ಲಿ ಬೆಂಗಳೂರಿನ ಮಾಸಿಕ ಉಷ್ಣಾಂಶವೂ ಉಚಿತವಾಗಿ ಸಿಗುತ್ತದೆ. ಅಲ್ಲಿಂದ ಶುರು ಮಾಡಿ; ಆದರೆ ಒಂದೇ ಊರಿನ ಗೆರೆ ನೋಡಿ ಭೂಮಿಯ ಬಗ್ಗೆ ತೀರ್ಪು ಕೊಡಬೇಡಿ, ಇನ್ನಷ್ಟು ಊರುಗಳನ್ನು ಸೇರಿಸಿ.