ತಿಕ್ಕದೆ ಹೋಗದ ಹಾವಸೆ

ದುಂಡಸಿಯ ನಮ್ಮ ಹಿತ್ತಲಲ್ಲಿ ದನಕ್ಕೆ ನೀರು ಕುಡಿಸುವ ಕಲ್ಲಿನ ದೋಣಿ ಇತ್ತು. ಬೇಸಿಗೆಯಲ್ಲಿ ಒಂದು ವಾರ ಬಿಟ್ಟರೆ ಸಾಕು, ಒಳಮೈಗೆಲ್ಲ ಹಾವಸೆ ಹತ್ತುತ್ತಿತ್ತು. ನಿಮ್ಮಲ್ಲಿ ಹಲವರು ಅದನ್ನು ಪಾಚಿ ಅನ್ನುತ್ತೀರಿ. ನಮಗೆ ಅದು ಹಾವಸೆ. ಅವ್ವ ತೆಂಗಿನ ನಾರು, ಇಟ್ಟಂಗಿ ಚೂರು ಹಿಡಿದು ತಿಕ್ಕಿ, ನೀರು ಚೆಲ್ಲಿ, ಸುಣ್ಣ ಬಳಿದು ಬಿಸಿಲಿಗೆ ಬಿಡುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಅರಿಜೋನಾದ ಫೀನಿಕ್ಸ್ ಪಕ್ಕ ಮನೆ ಕೊಂಡಾಗ ಹಿತ್ತಲಲ್ಲಿ 15,000 ಗ್ಯಾಲನ್ನಿನ, ಅಂದರೆ ಸುಮಾರು 57,000 ಲೀಟರಿನ ಈಜುಕೊಳವೆಂಬ ದೋಣಿಯೇ ಗಂಟುಬಿತ್ತು. ಮಕ್ಕಳು ಕುಣಿದರು. ಮೊದಲ ಬೇಸಿಗೆ ಮುಗಿಯುವಷ್ಟರಲ್ಲಿ ನಾನು ಮಾತ್ರ ಕುಣಿಯುವ ಸ್ಥಿತಿಯಲ್ಲಿರಲಿಲ್ಲ.

ಈ ವರ್ಷ ನಮ್ಮ ಕೂಟಕ್ಕೆ ಹೊಸದಾಗಿ ಬಂದ ಕುಟುಂಬಗಳಲ್ಲಿ ನಾಲ್ಕಾರು ಮನೆಯವರು ಒಂದೇ ಪ್ರಶ್ನೆ ಕೇಳಿದ್ದಾರೆ: ‘ವಾರವಾರ ಔಷಧ ಹಾಕ್ತೀವಿ, ನಾಲ್ಕು ದಿನಕ್ಕೆ ಮತ್ತೆ ಹಸಿರು, ಯಾಕೆ?’ ನಾನು ದುಡ್ಡು ಕೊಟ್ಟು ಕಲಿತದ್ದನ್ನು ನೀವು ಪುಕ್ಕಟೆ ಓದಿ.

ಮೊದಲು, ಬಂದಿರುವುದು ಯಾವುದು ಎಂದು ಗೊತ್ತಾಗಬೇಕು. ನೀರೆಲ್ಲ ಹಸಿರಾಗಿ ಮಬ್ಬಾಗಿದ್ದರೆ ಅದು ಸಾಮಾನ್ಯ ಹಸಿರು ಪಾಚಿ. ನೋಡಲು ಭಯಂಕರ, ಕೊಲ್ಲಲು ಸುಲಭ. ನೀರು ಹಸಿರಿದ್ದೂ ತಳ ಸ್ವಚ್ಛವಾಗಿ ಕಾಣುತ್ತಿದ್ದರೆ ಅದು ಬಹುತೇಕ ಪಾಚಿಯಲ್ಲ, ನೀರಿನಲ್ಲಿ ಕರಗಿರುವ ತಾಮ್ರ ಅಥವಾ ಕಬ್ಬಿಣ. ಅದಕ್ಕೆ ಕ್ಲೋರಿನ್ ಸುರಿದರೆ ಬಣ್ಣ ಇನ್ನೂ ಏರುತ್ತದೆ. ನೆರಳಿನ ಕಡೆಯ ಗೋಡೆಗೆ, ಏಣಿಯ ಹಿಂದೆ, ದೀಪದ ಸಂದಿಯಲ್ಲಿ ಅರಿಸಿನ ಉದುರಿಸಿದ ಹಾಗೆ ಕಾಣುವುದು ಹಳದಿ ಪಾಚಿ. ಇಲ್ಲಿಯವರು ಸಾಸಿವೆ ಪಾಚಿ ಅನ್ನುತ್ತಾರೆ. ಬ್ರಷ್ ತಾಗಿಸಿದರೆ ಹೊಗೆಯಂತೆ ಎದ್ದು ಮಾಯವಾಗುತ್ತದೆ, ಒಂದೆರಡು ದಿನದಲ್ಲಿ ಅದೇ ಜಾಗಕ್ಕೆ ಬಂದು ಕೂರುತ್ತದೆ. ಬರೀ ಧೂಳಾದರೆ ಹೀಗೆ ನೆರಳನ್ನೇ ಹುಡುಕಿಕೊಂಡು ಬರುವುದಿಲ್ಲ.

ಮೂರನೆಯದು ಕಪ್ಪು. ಸಿಮೆಂಟ್ ಗಿಲಾವಿನಲ್ಲಿ ಸಾಸಿವೆ ಕಾಳಿನಷ್ಟರಿಂದ ನಾಣ್ಯದಷ್ಟರ ತನಕ ಚುಕ್ಕೆಗಳು. ನಿಜ ಹೇಳಬೇಕೆಂದರೆ ಇದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಮಳೆಗಾಲ ಕಳೆದ ಮೇಲೆ ಊರಿನ ಸಿಮೆಂಟ್ ಮಾಳಿಗೆಯನ್ನು ಕಪ್ಪು ಮಾಡುವ ಜಾತಿಯ ನೆಂಟ. ಮೇಲೆ ಒಂದು ಜಿಗುಟು ಪದರ, ಒಳಗೆ ಗಿಲಾವಿನ ರಂಧ್ರಗಳಲ್ಲಿ ಹಿಡಿತ. ಕ್ಲೋರಿನ್ ಆ ಪದರದ ಮೇಲೆಯೇ ನಿಂತುಬಿಡುತ್ತದೆ. ಚುಕ್ಕೆ ಕಬ್ಬಿಣದ ಕಲೆಯೋ ಎಂಬ ಅನುಮಾನ ಬಂದರೆ ವಿಟಮಿನ್ ಸಿ ಮಾತ್ರೆಯೊಂದನ್ನು ಅದರ ಮೇಲೆ ಉಜ್ಜಿ. ಮಾಸಿದರೆ ಕಲೆ.

ನನಗಿದ್ದದ್ದು ಹಳದಿ, ಕಪ್ಪು ಎರಡೂ. ಒಂದು ಅಂಗಡಿಯವರು ಕೊಟ್ಟ ಬಾಟಲಿಗಳನ್ನೆಲ್ಲ ಸುರಿದೆ. ಅದರಲ್ಲೊಂದು ತಾಮ್ರದ್ದು, ನಮ್ಮಲ್ಲಿ ಅಡಿಕೆ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತದ ಬಳಗ. ಪಾಚಿ ಸಾಯುತ್ತದೆ ನಿಜ, ಆದರೆ ತಾಮ್ರ ನೀರಲ್ಲೇ ಉಳಿದು ಗಿಲಾವಿಗೆ ಕಲೆ ಬೀಳಬಹುದು. ಹೊಂಬಣ್ಣದ ಕೂದಲಿನ ನೆರೆಮನೆ ಮಕ್ಕಳು ಹಸಿರು ತಲೆ ಹೊತ್ತು ಮನೆಗೆ ಹೋಗಬಹುದು. ಕೊನೆಗೆ ಬೇಸತ್ತು ಫೋನಿನಲ್ಲಿ ಅವ್ವನ ಮುಂದೆ ಗೋಳು ತೋಡಿಕೊಂಡೆ. ‘ಮೊದಲ ತಿಕ್ಕಪಾ, ಆಮ್ಯಾಲೆ ಔಷಧ ಹಾಕು. ತಿಕ್ಕದ ಹಾಕಿದ್ರ ಮ್ಯಾಲಿನ ಜಿಗಟಿಗೆ ಅಷ್ಟ ಹತ್ತತೈತಿ’ ಅಂದಳು. ಕಪ್ಪು ಪಾಚಿಯ ಬಗ್ಗೆ ನಾನು ಆಮೇಲೆ ಓದಿದ್ದೆಲ್ಲ ಆ ಎರಡು ಮಾತಿನಲ್ಲಿತ್ತು.

ಅವ್ವನಿಗೆ ಗೊತ್ತಿಲ್ಲದ ಸಂಗತಿ ಒಂದಿದೆ, ಅದೇ ಈ ಲೇಖನದ ತಿರುಳು. ಊರಲ್ಲಿ ಪಂಚಾಯಿತಿಯವರು ಕುಡಿಯುವ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವಾಗ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಲೆಕ್ಕ. ನೆರಳಿನ ಬಾವಿಗೆ ಅದು ಸಾಕು. ತೆರೆದ ಕೊಳದಲ್ಲಿ ಬಿಸಿಲೇ ಕ್ಲೋರಿನ್ನನ್ನು ಕೆಲವೇ ಗಂಟೆಗಳಲ್ಲಿ ತಿಂದುಹಾಕುತ್ತದೆ. ಅದನ್ನು ತಡೆಯಲು ಸಯನ್ಯೂರಿಕ್ ಆಮ್ಲ ಬೆರೆಸುತ್ತಾರೆ. ಅಂಗಡಿ ಭಾಷೆಯಲ್ಲಿ ಸ್ಟೆಬಿಲೈಸರ್. 30ರಿಂದ 50 ಪಿಪಿಎಂ ಇದ್ದರೆ ಅದು ಕ್ಲೋರಿನ್ನಿಗೆ ಕೊಡೆ. ಅದಕ್ಕಿಂತ ಬಹಳ ಏರಿದರೆ ಕೊಡೆ ಹೋಗಿ ಕೈಕೋಳ: ಕ್ಲೋರಿನ್ ಇರುತ್ತದೆ, ಕೆಲಸ ಮಾಡುವುದಿಲ್ಲ. ತೇಲುವ ಡಬ್ಬಿಯಲ್ಲಿ ಹಾಕುವ ಟ್ರೈಕ್ಲೋರ್ ಬಿಲ್ಲೆ 10 ಪಿಪಿಎಂ ಕ್ಲೋರಿನ್ ಕೊಟ್ಟಾಗಲೆಲ್ಲ 6 ಪಿಪಿಎಂ ಸ್ಟೆಬಿಲೈಸರನ್ನೂ ಬಿಟ್ಟುಹೋಗುತ್ತದೆ. ದಿನಕ್ಕೆ 3 ಪಿಪಿಎಂ ಖರ್ಚಾಗುವ ಬೇಸಿಗೆಯಲ್ಲಿ ಬಿಲ್ಲೆಯನ್ನೇ ನಂಬಿದರೆ ತಿಂಗಳಿಗೆ 50ರ ಮೇಲೆ ಏರಿಕೆ. ನೀರು ಆವಿಯಾಗುತ್ತದೆ, ಸ್ಟೆಬಿಲೈಸರ್ ಆಗುವುದಿಲ್ಲ.

ನಮ್ಮ ಕೊಳದಲ್ಲಿ ಇದು 120 ಇತ್ತು. ಇಷ್ಟು ದಿನ ‘ಹಟಮಾರಿ ಪಾಚಿ’ ಎಂದು ಬೈದದ್ದು ದಂಡ, ಹಟ ಬಿಲ್ಲೆ ಹಾಕುತ್ತಿದ್ದ ನನ್ನದೇ ಆಗಿತ್ತು. ಕಡಿಮೆ ಮಾಡಲು ನಂಬುವಂಥ ದಾರಿ ನೀರು ಬದಲಿಸುವುದು. ಮೂರರಲ್ಲಿ ಎರಡು ಪಾಲು ಹೊರಹಾಕಿ ಹೊಸ ನೀರು ತುಂಬಿದ ಮೇಲೆ 40ಕ್ಕೆ ಬಂತು. ಈ ಕೆಲಸವನ್ನು ಅಕ್ಟೋಬರಿನ ತಂಪಿಗೆ ಇಟ್ಟುಕೊಳ್ಳಿ. 110 ಡಿಗ್ರಿ ಬಿಸಿಲಲ್ಲಿ ಬರಿದಾದ ಗಿಲಾವು ಬಿರುಕು ಬಿಡುತ್ತದೆ. ನೀರನ್ನು ರಸ್ತೆಗೆ ಬಿಡಬೇಡಿ. ಮನೆಯ ಒಳಚರಂಡಿ ಮುಚ್ಚಳದಲ್ಲಿ ಬಿಡಬೇಕು, ನಿಮ್ಮ ನಗರದ ನಿಯಮ ಕೇಳಿಕೊಳ್ಳಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳದೆ ಒಂದು ಬಕೆಟ್ಟೂ ತೆಗೆಯಬೇಡಿ.

ಆಮೇಲಿನದು ಮೈಮುರಿದ ದುಡಿಮೆ ಅಷ್ಟೆ. ಪಿಎಚ್ಚನ್ನು 7.2ಕ್ಕೆ ಇಳಿಸಿ. ಗಿಲಾವಿನ ಕೊಳವಾದರೆ ಸ್ಟೀಲ್ ತಂತಿಯ ಬ್ರಷ್, ಫೈಬರ್ ಅಥವಾ ವಿನೈಲ್ ಆದರೆ ನೈಲಾನ್. ಕಪ್ಪು ಚುಕ್ಕೆಯ ತಲೆ ಹರಿಯುವ ತನಕ ತಿಕ್ಕಿ. ದೀಪವನ್ನು ಬಿಚ್ಚಿ ಹಿಂದೆ ನೋಡಿ, ಏಣಿ ತೆಗೆದು ತೊಳೆಯಿರಿ. ಸಂಜೆ ಬಿಸಿಲು ಇಳಿದ ಮೇಲೆ ದ್ರವ ಕ್ಲೋರಿನ್ ಹಾಕಿ: ಸ್ಟೆಬಿಲೈಸರ್ 40 ಇದ್ದಲ್ಲಿ ಕ್ಲೋರಿನ್ 16 ಪಿಪಿಎಂ ತನಕ ಏರಬೇಕು, ಹಳದಿ ಪಾಚಿಗೆ ಕೊನೆಯ ಒಂದು ದಿನ 24. ಶೇ. 10ರ ದ್ರವ ಒಂದು ಗ್ಯಾಲನ್ ಹಾಕಿದರೆ ನಮ್ಮಷ್ಟು ದೊಡ್ಡ ಕೊಳದಲ್ಲಿ ಆರೂವರೆಯಷ್ಟು ಏರುತ್ತದೆ. ಪಂಪು ಹಗಲೂರಾತ್ರಿ ಓಡಲಿ, ಫಿಲ್ಟರಿನ ಒತ್ತಡ 8–10 ಪಿಎಸ್ಐ ಏರಿದಾಗಲೆಲ್ಲ ತೊಳೆಯಿರಿ. ಮಕ್ಕಳ ಈಜುಡುಗೆ, ಗೊಂಬೆ, ಅದೇ ಬ್ರಷ್ಷು ಕೂಡ ಕ್ಲೋರಿನ್ ಕಾಣಲಿ. ರಾತ್ರಿ ಅಳೆದ ಕ್ಲೋರಿನ್ ಬೆಳಿಗ್ಗೆ ಸೂರ್ಯ ಹುಟ್ಟುವ ಮುಂಚೆ ಒಂದು ಪಿಪಿಎಂಗಿಂತ ಹೆಚ್ಚು ಕರಗದಿದ್ದರೆ ಗೆದ್ದಿರಿ. ನನಗೆ ಒಂಬತ್ತು ದಿನ ಹಿಡಿಯಿತು. ಜುಲೈಯಿಂದ ಮುಂಗಾರಿನ ಧೂಳುಗಾಳಿ ಬೀಸಿದ ಮರುದಿನ ಮತ್ತೆ ಅಳೆಯಿರಿ. ಆ ಧೂಳು ಪಾಚಿಗೆ ಗೊಬ್ಬರ.

ಒಂದು ಮೋಸ ಗೊತ್ತಿರಲಿ: ಗುಲಾಬಿ ಬಣ್ಣ ಬರುವ ಪರೀಕ್ಷೆಯಲ್ಲಿ ಕ್ಲೋರಿನ್ ವಿಪರೀತವಿದ್ದರೆ ಬಣ್ಣ ಮೂಡಿ ಮರೆಯಾಗಿ ಸೊನ್ನೆಯಂತೆ ಕಾಣುತ್ತದೆ. ಸೊನ್ನೆ ಎಂದು ಇನ್ನಷ್ಟು ಸುರಿದವರಲ್ಲಿ ನಾನೂ ಒಬ್ಬ.

ಆಮ್ಲ, ಕ್ಲೋರಿನ್ ಎರಡನ್ನೂ ಒಂದೇ ಕಡೆ ಇಡಬೇಡಿ, ಒಂದೇ ಬಕೆಟ್ಟಿಗೆ ಹಾಕಬೇಡಿ. ಹೊಮ್ಮುವ ವಿಷಾನಿಲ ಶ್ವಾಸಕೋಶ ಸುಡುತ್ತದೆ. ಬಿಲ್ಲೆಯ ಪುಡಿ, ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿ ಬೆರೆತರೆ ಬೆಂಕಿ. ಕ್ಲೋರಿನ್ ಮತ್ತೆ 4ಕ್ಕೆ ಇಳಿಯುವ ತನಕ ಯಾರೂ ನೀರಿಗಿಳಿಯಬಾರದು. ತಳದ ಜಾಲರಿ ಕಾಣದಷ್ಟು ಮಬ್ಬಿದ್ದರಂತೂ ಮಕ್ಕಳನ್ನು ಹತ್ತಿರವೂ ಬಿಡಬೇಡಿ. ಮುಳುಗಿದ ಮಗು ಅಂಥ ನೀರಿನಲ್ಲಿ ಕಾಣುವುದಿಲ್ಲ. ಆರು ವರ್ಷದೊಳಗಿನ ಮಕ್ಕಳಿರುವ ಮನೆಯ ಕೊಳಕ್ಕೆ ಐದಡಿ ಎತ್ತರದ ತಡೆ, ತಾನೇ ಮುಚ್ಚಿ ಚಿಲಕ ಬೀಳುವ ಗೇಟು ಇರಬೇಕೆಂದು ಅರಿಜೋನಾ ಕಾನೂನೇ ಹೇಳುತ್ತದೆ.

ಸ್ಟೆಬಿಲೈಸರ್ ಅಳೆಯುವ ಕೊಳವೆ ನನ್ನ ಬಳಿ ಇದೆ. ಮುಂದಿನ ಕೂಟಕ್ಕೆ ಬರುವಾಗ ಮೊಣಕೈ ಆಳದಿಂದ ಒಂದು ಬಾಟಲಿ ನೀರು ತುಂಬಿ ತನ್ನಿ, ಊಟದ ಸಾಲಿನಲ್ಲಿ ನಿಂತಿರುವಾಗಲೇ ನೋಡಿ ಹೇಳುತ್ತೇನೆ. ಕ್ಲೋರಿನ್ ಮಾತ್ರ ನಿಮ್ಮ ಹಿತ್ತಲಲ್ಲೇ ಅಳೆಯಬೇಕು, ಅದು ಬಾಟಲಿಯಲ್ಲಿ ಉಳಿಯುವುದಿಲ್ಲ.