ಸಾಧನಕ್ಕೊಂದು ವಿಳಾಸ, ವಿಳಾಸಕ್ಕೊಂದು ದಾಖಲೆ
ಕಟ್ಟಡ ನಿಯಂತ್ರಣ ಜಾಲದ ಬಗ್ಗೆ ಉದ್ಯಮಿಗಳು ತಿಳಿದಿರಬೇಕಾದ ಸಂಗತಿಗಳು

ಹವಾನಿಯಂತ್ರಣ ಯಂತ್ರ, ನೀರಿನ ಪಂಪು, ಜನರೇಟರ್, ವಿದ್ಯುತ್ ಮೀಟರುಗಳನ್ನು ತಂತಿಯ ಮೂಲಕ ಜೋಡಿಸಿ, ಒಂದೇ ಕಂಪ್ಯೂಟರಿನಿಂದ ನೋಡಿಕೊಳ್ಳುವ ವ್ಯವಸ್ಥೆಯೇ ಕಟ್ಟಡ ನಿಯಂತ್ರಣ ಜಾಲ. ಉಪಕರಣಗಳ ಬೆಲೆಯನ್ನು ನಾಲ್ಕು ಕಡೆ ವಿಚಾರಿಸುವ ಮಾಲೀಕರು, ಅವುಗಳಿಗೆ ನೀಡಲಾಗುವ ಸಂಖ್ಯೆಗಳ ಬಗ್ಗೆ ವಿಚಾರಿಸುವುದು ಅಪರೂಪ. ಮೀಟರಿನ ಲೆಕ್ಕ ತಪ್ಪುವುದು, ರಾತ್ರಿಯಿಡೀ ಯಂತ್ರ ಓಡಿ ಬಿಲ್ಲು ಏರುವುದು, ಸಣ್ಣ ದುರಸ್ತಿಗೂ ಹಳೆಯ ಗುತ್ತಿಗೆದಾರನನ್ನೇ ಕಾಯಬೇಕಾಗುವುದು, ಇವುಗಳಿಗೆ ಅನೇಕ ವೇಳೆ ಕಾರಣ ಈ ಸಂಖ್ಯೆಗಳೇ.

ಎರಡು ಭಾಷೆಗಳು

ಇಂತಹ ಜಾಲಗಳಲ್ಲಿ ಸಾಧನಗಳು ಪರಸ್ಪರ ವ್ಯವಹರಿಸುವ ನಿಯಮಾವಳಿಗಳಲ್ಲಿ ಎರಡು ಮುಖ್ಯವಾದವು. ಮಾಡ್‌ಬಸ್ ಎಂಬುದನ್ನು 1979ರಲ್ಲಿ ಅಮೆರಿಕದ ಮೋಡಿಕಾನ್ ಕಂಪನಿ ಪ್ರಕಟಿಸಿತು; ಮೀಟರುಗಳಲ್ಲಿ ಇದರ ಬಳಕೆ ಹೆಚ್ಚು. ಬ್ಯಾಕ್‌ನೆಟ್ ಎಂಬುದನ್ನು 1995ರಲ್ಲಿ ಹವಾನಿಯಂತ್ರಣ ಇಂಜಿನಿಯರುಗಳ ಸಂಘವಾದ ಆಶ್ರೇ ಮಾನಕವಾಗಿ ಹೊರತಂದಿತು. 2003ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವೂ ಆಯಿತು.

ವಿಳಾಸದ ನಿಗದಿ

ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಹಿಂದೆ ತಯಾರಾಗುತ್ತಿದ್ದ ಲೇತ್‌ನಂತಹ ಯಂತ್ರವನ್ನು ಗಮನಿಸಿದರೆ ವಿಷಯ ಸುಲಭವಾಗುತ್ತದೆ. ಯಂತ್ರಕ್ಕೆ ತಯಾರಕರು ಕೊಟ್ಟ ಕ್ರಮಸಂಖ್ಯೆ ಒಂದು. ವರ್ಕ್‌ಶಾಪಿನ ಮಾಲೀಕರು ಗುರುತಿಗಾಗಿ ಬಣ್ಣದಲ್ಲಿ ಬರೆಸುವ ಸಂಖ್ಯೆ ಮತ್ತೊಂದು. ಜಾಲದ ವಿಳಾಸವು ಈ ಎರಡನೆಯ ಬಗೆಯದು. ಅದನ್ನು ಸ್ಥಳದಲ್ಲಿಯೇ ನಿಗದಿಪಡಿಸಬೇಕು.

ಮಾಡ್‌ಬಸ್‌ನಲ್ಲಿ ಒಂದು ತಂತಿಯ ಸಾಧನಗಳಿಗೆ 1ರಿಂದ 247ರವರೆಗಿನ ವಿಳಾಸ ನೀಡಬಹುದು. ಹೊಸ ಮೀಟರುಗಳು ಸಾಮಾನ್ಯವಾಗಿ 1ನೇ ವಿಳಾಸದೊಡನೆಯೇ ಬರುತ್ತವೆ. ಬದಲಾಯಿಸದೆ ಎರಡನ್ನು ಜೋಡಿಸಿದರೆ ಎರಡೂ ಒಟ್ಟಿಗೆ ಉತ್ತರಿಸಿ ಸಂದೇಶ ಕೆಡುತ್ತದೆ. ಆದ್ದರಿಂದ ಒಂದೊಂದಾಗಿ ಜೋಡಿಸಿ, ವಿಳಾಸ ಬದಲಿಸಿ, ಪರೀಕ್ಷಿಸಿದ ನಂತರವೇ ಮುಂದಿನದನ್ನು ಜೋಡಿಸಬೇಕು.

ಬ್ಯಾಕ್‌ನೆಟ್‌ನಲ್ಲಿ ತಂತಿಯ ವಿಳಾಸದ ಜೊತೆಗೆ ಸಾಧನ ಸಂಖ್ಯೆ ಎಂಬ ಮತ್ತೊಂದು ಗುರುತು ಇದೆ. ಇದು 0ಯಿಂದ 41,94,302ರವರೆಗೆ ಇರಬಹುದು. ತಂತಿಯ ವಿಳಾಸ ಬೇರೊಂದು ತಂತಿಯಲ್ಲಿ ಮರುಕಳಿಸಬಹುದು. ಸಾಧನ ಸಂಖ್ಯೆ ಮಾತ್ರ ಇಡೀ ಜಾಲದಲ್ಲಿ ಒಂದೇ ಇರಬೇಕು.

ಉದಾಹರಣೆಗೆ, ಒಬ್ಬ ಉದ್ಯಮಿಯ ಮಳಿಗೆ ದಾವಣಗೆರೆಯಲ್ಲಿಯೂ ಕಾರ್ಖಾನೆ ಹರಿಹರದಲ್ಲಿಯೂ ಇದೆಯೆಂದು ಭಾವಿಸೋಣ. ಎರಡೂ ಕಡೆ ಬೇರೆ ಬೇರೆ ಗುತ್ತಿಗೆದಾರರು 1, 2, 3 ಎಂದು ಸಾಧನ ಸಂಖ್ಯೆ ಕೊಟ್ಟಿದ್ದರೆ ಪ್ರಾರಂಭದಲ್ಲಿ ತೊಂದರೆ ಕಾಣದು. ಎರಡನ್ನೂ ಒಂದೇ ಕಂಪ್ಯೂಟರಿಗೆ ಸೇರಿಸಿದ ದಿನ, ಮಳಿಗೆಗೆ ಕೊಟ್ಟ ಆದೇಶ ಕಾರ್ಖಾನೆಗೆ ತಲುಪಬಹುದು. ಮೊದಲೇ ಕ್ರಮ ಹಾಕಿಕೊಂಡರೆ ಈ ಗೊಂದಲವಿಲ್ಲ: ದಾವಣಗೆರೆಗೆ 1, ಹರಿಹರಕ್ಕೆ 2, ನಂತರ ಎರಡಂಕಿಯಲ್ಲಿ ಅಂತಸ್ತು, ಎರಡಂಕಿಯಲ್ಲಿ ಸಾಧನ. ಆಗ 10203 ಎಂದರೆ ದಾವಣಗೆರೆಯ 2ನೇ ಅಂತಸ್ತಿನ 3ನೇ ಸಾಧನ.

ಲಕ್ಷಣಗಳ ನಿಗದಿ

ವಿಳಾಸ ಸರಿಯಿದ್ದ ಮಾತ್ರಕ್ಕೆ ಲೆಕ್ಕ ಸರಿಯಾಗದು. ಸಾಧನದೊಳಗೆ ನಮೂದಿಸುವ ವಿವರಗಳಿಗೆ ಲಕ್ಷಣಗಳೆಂದು ಹೆಸರು. ಅವುಗಳಲ್ಲಿ ಮೂರನ್ನು ಮಾಲೀಕರು ಖುದ್ದಾಗಿ ವಿಚಾರಿಸಬೇಕು.

1. ಸಂವಹನ ವೇಗ: ಒಂದು ತಂತಿಯ ಎಲ್ಲ ಸಾಧನಗಳಲ್ಲಿಯೂ ಒಂದೇ ಆಗಿರಬೇಕು. ಒಂದರಲ್ಲಿ 9,600, ಮತ್ತೊಂದರಲ್ಲಿ 19,200 ಇದ್ದರೆ ಅವುಗಳ ನಡುವೆ ಸಂಪರ್ಕವೇ ಇರದು.

2. ಸಿ.ಟಿ. ಅನುಪಾತ: 200/5ರ ಸಿ.ಟಿ. ಹಾಕಿ ಮೀಟರಿನಲ್ಲಿ 100/5 ಎಂದು ನಮೂದಿಸಿದರೆ, 1,000 ಯೂನಿಟ್ ಬಳಕೆ 500 ಎಂದು ಕಾಣುತ್ತದೆ. ಮೀಟರು ಕೆಟ್ಟಿರುವುದಿಲ್ಲ, ಎಚ್ಚರಿಕೆಯ ದೀಪವೂ ಉರಿಯುವುದಿಲ್ಲ. ವಿಭಾಗವಾರು ಖರ್ಚಿನ ಹಂಚಿಕೆ ಮಾತ್ರ ತಿಂಗಳುಗಟ್ಟಲೆ ತಪ್ಪಾಗುತ್ತದೆ.

3. ಆದೇಶದ ಆದ್ಯತೆ: ಬ್ಯಾಕ್‌ನೆಟ್‌ನಲ್ಲಿ ಆದೇಶಗಳಿಗೆ 16 ಹಂತಗಳಿವೆ, 1ನೆಯದು ಅತ್ಯುನ್ನತ. ನೌಕರ ಕೈಯಾರೆ ಕೊಡುವ ಆದೇಶಕ್ಕೆ 8ನೇ ಹಂತ. ವೇಳಾಪಟ್ಟಿಯದು ಸಾಮಾನ್ಯವಾಗಿ ಅದಕ್ಕಿಂತ ಕೆಳಗಿನದು. ಸಂಜೆ ಕೈಯಾರೆ ಚಾಲೂ ಮಾಡಿದ ಯಂತ್ರದ ಆದೇಶವನ್ನು ಹಿಂಪಡೆಯದಿದ್ದರೆ, ರಾತ್ರಿ 9ಕ್ಕೆ ನಿಲ್ಲಿಸೆಂಬ ವೇಳಾಪಟ್ಟಿಗೆ ಬೆಲೆಯಿರದು. ಯಂತ್ರ ಓಡುತ್ತಲೇ ಇರುತ್ತದೆ.

ಮಾಲೀಕರ ವಶದಲ್ಲಿರಬೇಕಾದ ದಾಖಲೆ

ಕೆಲಸ ಮುಗಿದು ಅಂತಿಮ ಹಣ ಪಾವತಿಸುವ ಮೊದಲು ಗುತ್ತಿಗೆದಾರರಿಂದ ಇವಿಷ್ಟನ್ನು ಲಿಖಿತವಾಗಿ ಪಡೆಯುವುದು ಕ್ಷೇಮ: ಪ್ರತಿ ಸಾಧನದ ಸ್ಥಳ, ಮಾದರಿ, ತಯಾರಕರ ಕ್ರಮಸಂಖ್ಯೆ, ವಿಳಾಸ, ಸಂವಹನ ವೇಗ, ಸಿ.ಟಿ. ಅನುಪಾತ, ತಂತಿ ಸಾಗಿದ ಮಾರ್ಗದ ನಕ್ಷೆ, ನಿಗದಿಗಳ ಕಡತದ ಪ್ರತಿ, ಗುಪ್ತಪದಗಳು. ಇದಕ್ಕೆ ಖರೀದಿ ಆದೇಶದಲ್ಲಿಯೇ ಒಂದು ಷರತ್ತು ಸೇರಿಸಬೇಕು. ಸಾಧನ ಬದಲಿಸಿದಾಗಲೆಲ್ಲ ದಿನಾಂಕದೊಡನೆ ಪಟ್ಟಿಯನ್ನು ತಿದ್ದಬೇಕು.

ಎರಡೂ ಊರಿನ ಜಾಲಗಳನ್ನು ಅಂತರ್ಜಾಲದ ಮೂಲಕ ಕೂಡಿಸುವವರು ಸುರಕ್ಷಿತ ಖಾಸಗಿ ಸಂಪರ್ಕವನ್ನೇ ಬಳಸಬೇಕು. ಬ್ಯಾಕ್‌ನೆಟ್‌ಗೆ ಮೀಸಲಾದ 47808ನೇ ದ್ವಾರವನ್ನು ಸಾರ್ವಜನಿಕವಾಗಿ ತೆರೆದಿಡುವುದು ಮಳಿಗೆಯ ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದಂತೆ.

ಅಂಗಡಿಯ ಖಾತೆ ಪುಸ್ತಕವನ್ನು ಯಾವ ವರ್ತಕರೂ ಪರರ ಮನೆಯಲ್ಲಿ ಬಿಟ್ಟು ಬರುವುದಿಲ್ಲ. ವಿಳಾಸಗಳ ಈ ಪಟ್ಟಿಯೂ ಅಂತಹುದೇ. ಇದು ಕೈಯಲ್ಲಿದ್ದರೆ ಮುಂದಿನ ದುರಸ್ತಿಗೆ ಯಾವ ನುರಿತ ತಂತ್ರಜ್ಞನನ್ನಾದರೂ ಕರೆಯಬಹುದು, ದರವನ್ನೂ ಹೋಲಿಸಿ ನೋಡಬಹುದು.